ರಾಷ್ಟ್ರಪತಿ ಆಯ್ಕೆಯಲ್ಲಿ ನಮ್ಮ ಶಾಸಕರ ಮತ ಯಾರ ಮಾತಿನ ಮೇಲೆ?

ಪ್ರಶ್ನೆ: 2022ರ ಸೆಪ್ಟೆಂಬರಿನಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಹುಬ್ಬಳ್ಳಿಗೆ ಬಂದಿದ್ದಾಗ ನಾವು ಊರಿನ ಕೆಲವರು ಸೇರಿ ನೋಡಲು ಹೋಗಿದ್ದೆವು. 2027ರಲ್ಲಿ ಮತ್ತೆ ಚುನಾವಣೆ ಬರುತ್ತದೆಂದು ಗುಡಿ ಕಟ್ಟೆಯ ಮೇಲೆ ಈಗಲೇ ಮಾತು ಶುರುವಾಗಿದೆ. ಒಬ್ಬರು 'ಈ ಸಲ ಕರ್ನಾಟಕದವರೇ ಆಗಬೇಕು' ಎಂದರೆ ಇನ್ನೊಬ್ಬರು 'ರೈತರ ಮನೆಯವರು ಆದರೆ ನಮ್ಮ ನೀರಿನ ಕೆಲಸ ಆದೀತು' ಎನ್ನುತ್ತಾರೆ. ಮೂರನೆಯವರು, 'ನಮಗ ಓಟೇ ಇಲ್ಲ, ಎಮ್ಮೆಲ್ಲೆ ಹಾಕ್ತಾರ, ಅವರಿಗೆ ಪಾರ್ಟಿ ಹೇಳ್ತೈತಿ, ನಾವ್ಯಾಕ ತಲಿ ಕೆಡಿಸ್ಕೋಬೇಕು?' ಎಂದು ಮಾತು ಮುಗಿಸಿಬಿಡುತ್ತಾರೆ. ಶಾಸಕರು ಪಕ್ಷ ಹೇಳಿದವರಿಗೇ ಮತ ಹಾಕಬೇಕೇ? ನಾವು ಒಬ್ಬ ಅಭ್ಯರ್ಥಿಯನ್ನು ಬೆಂಬಲಿಸುವುದಾದರೆ ಏನನ್ನು ನೋಡಿ ಬೆಂಬಲಿಸಬೇಕು? ನಮ್ಮ ಶಾಸಕರು ಯಾರಿಗೆ ಹಾಕಿದರೆಂದು ಆಮೇಲೆ ತಿಳಿಯಬಹುದೇ?
– ಅಣ್ಣಿಗೇರಿ ತಾಲ್ಲೂಕಿನ ಓದುಗರೊಬ್ಬರು

ಉತ್ತರ: ಚುನಾವಣೆ ಮುಗಿದ ಮೇಲೆ ಫಲಿತಾಂಶದ ಬಗ್ಗೆ ಕೇಳುವವರು ಬಹಳ ಮಂದಿ, ಯಾರನ್ನು ಯಾಕೆ ಬೆಂಬಲಿಸಬೇಕೆಂದು ಮುಂಚೆಯೇ ಕೇಳುವವರು ಕಡಿಮೆ. ನೀವು ಒಂದರಲ್ಲಿ ಮೂರು ಪ್ರಶ್ನೆ ಕೇಳಿದ್ದೀರಿ. ಕಟ್ಟೆಯ ಮೇಲಿನ ಮೂರನೆಯವರ ಮಾತಿನಿಂದಲೇ ಶುರು ಮಾಡೋಣ. ಅವರು ಹೇಳಿದ್ದರಲ್ಲಿ ಅರ್ಧ ಕಾನೂನು, ಇನ್ನರ್ಧ ಬರೀ ರೂಢಿ. ನಮಗೆ ನೇರ ಮತವಿಲ್ಲ ಎಂಬುದು ಕಾನೂನು. ಪಾರ್ಟಿ ಹೇಳಿದವರಿಗೇ ಶಾಸಕರು ಹಾಕಬೇಕು ಎಂಬುದು ರೂಢಿ.

ಮೊದಲು ಮತ ಯಾರಿಗಿದೆ ಎಂದು ನೋಡೋಣ. ಸಂವಿಧಾನದ 54ನೇ ವಿಧಿಯ ಪ್ರಕಾರ ಲೋಕಸಭೆ ಮತ್ತು ರಾಜ್ಯಸಭೆಯ ಚುನಾಯಿತ ಸದಸ್ಯರು, ರಾಜ್ಯಗಳ ವಿಧಾನಸಭೆಗಳ ಚುನಾಯಿತ ಸದಸ್ಯರು ಮತದಾರರು. ದೆಹಲಿ ಮತ್ತು ಪುದುಚೇರಿಯ ಶಾಸಕರೂ ಇದರಲ್ಲಿ ಸೇರುತ್ತಾರೆ. ವಿಧಾನ ಪರಿಷತ್ತಿನವರಿಗೆ ಮತವಿಲ್ಲ. ಹುಬ್ಬಳ್ಳಿಯ ಬಸವರಾಜ ಹೊರಟ್ಟಿ ಅವರು 1980ರಿಂದ ಪರಿಷತ್ತಿಗೆ ಗೆದ್ದು ಬರುತ್ತಿದ್ದಾರೆ, ಸಭಾಪತಿಯ ಪೀಠದಲ್ಲೂ ಕುಳಿತಿದ್ದಾರೆ. ಆದರೂ ರಾಷ್ಟ್ರಪತಿ ಚುನಾವಣೆಯ ದಿನ ಅವರು ನಿಮ್ಮ ನಮ್ಮ ಹಾಗೆ ನೋಡುಗರೇ. ರಾಜ್ಯಸಭೆಗೆ ನಾಮಕರಣಗೊಂಡಿರುವ ವೀರೇಂದ್ರ ಹೆಗ್ಗಡೆ, ಸುಧಾ ಮೂರ್ತಿ ಅವರಿಗೂ ಈ ಮತವಿಲ್ಲ. ನಿಮ್ಮ ಮಟ್ಟಿಗೆ ಹೇಳುವುದಾದರೆ, ಅಣ್ಣಿಗೇರಿ ಈಗ ಬೇರೆ ತಾಲ್ಲೂಕಾಗಿದ್ದರೂ ವಿಧಾನಸಭೆಗೆ ನವಲಗುಂದ ಕ್ಷೇತ್ರವೇ. ಆದ್ದರಿಂದ ನಿಮ್ಮ ಪಾಲಿನ ಮತ ನವಲಗುಂದದ ಶಾಸಕರ ಕೈಯಲ್ಲಿದೆ, ಜೊತೆಗೆ ಧಾರವಾಡದ ಸಂಸದರ ಕೈಯಲ್ಲಿದೆ.

ಆ ಮತದ ತೂಕವೆಷ್ಟು? ಇದಕ್ಕೊಂದು ಲೆಕ್ಕವಿದೆ, ಪೆನ್ನು ಹಿಡಿದು ನೀವೇ ಮಾಡಬಹುದು. 1971ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 2,92,99,014. ಇದನ್ನು 224 ಶಾಸಕರಿಗೆ ಭಾಗಿಸಿದರೆ ತಲಾ 1,30,799 ಬರುತ್ತದೆ. ಅದನ್ನು ಸಾವಿರದಿಂದ ಭಾಗಿಸಿ, ಉಳಿದದ್ದು ಐನೂರು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಂದು ಸೇರಿಸಿದರೆ 131. ನವಲಗುಂದದ ಶಾಸಕರ ಮತಕ್ಕೂ 131, ಬೆಂಗಳೂರಿನ ಶಾಸಕರ ಮತಕ್ಕೂ 131, ಮುಖ್ಯಮಂತ್ರಿಯ ಮತಕ್ಕೂ 131. ಉತ್ತರ ಪ್ರದೇಶದಲ್ಲಿ ಅದು 208, ಸಿಕ್ಕಿಂನಲ್ಲಿ ಬರೀ 7. ಸಂಸದರ ಮತದ ಮೌಲ್ಯ 2022ರಲ್ಲಿ 700 ಇತ್ತು. ಅದಕ್ಕೆ ಮೊದಲು 708 ಇದ್ದದ್ದು, ಜಮ್ಮು-ಕಾಶ್ಮೀರದ ವಿಧಾನಸಭೆ ಆಗ ಇಲ್ಲದಿದ್ದರಿಂದ ಇಳಿದಿತ್ತು. ಐವತ್ತು ವರ್ಷದ ಹಿಂದಿನ ಜನಗಣತಿ ಯಾಕೆ ಎನ್ನುತ್ತೀರಾ? ಜನಸಂಖ್ಯೆ ಹತೋಟಿಯಲ್ಲಿಟ್ಟ ರಾಜ್ಯಗಳಿಗೆ ನಷ್ಟವಾಗಬಾರದೆಂದು ಹಾಗೆ ಹಿಡಿದಿಟ್ಟಿದ್ದಾರೆ. 2026ರ ನಂತರ ನಡೆಯುವ ಮೊದಲ ಜನಗಣತಿಯ ಅಂಕಿ ಪ್ರಕಟವಾಗುವವರೆಗೂ ಇದೇ ಲೆಕ್ಕ.

ಹೀಗೆ ಧಾರವಾಡ ಜಿಲ್ಲೆಯ ಏಳು ಶಾಸಕರದು 917, ಒಬ್ಬ ಸಂಸದರದು 700, ಒಟ್ಟು 1,617. ದೇಶದ ಒಟ್ಟು ಮೌಲ್ಯ 2022ರಲ್ಲಿ 10,86,431 ಇತ್ತು. ಅದರ ಮುಂದೆ ಇದು ಬಹಳ ಸಣ್ಣದು ಎನಿಸುವುದು ಸಹಜ. ಆದರೂ ಈ 1,617 ಅನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇನ್ನು ಪಕ್ಷದ ಮಾತು. ನಿಮ್ಮ ಕಟ್ಟೆಯವರಿಗೆ ಮಾತ್ರವಲ್ಲ, ರಾಜಕೀಯ ಹತ್ತಿರದಿಂದ ನೋಡಿದವರಿಗೂ ಇಲ್ಲೊಂದು ಗೊಂದಲ ಆಗುತ್ತದೆ. ರಾಜ್ಯಸಭಾ ಚುನಾವಣೆಯನ್ನೂ ರಾಷ್ಟ್ರಪತಿ ಚುನಾವಣೆಯನ್ನೂ ಶಾಸಕರೇ ಮಾಡುತ್ತಾರೆ, ವಿಧಾನಸೌಧದಲ್ಲೇ ಮಾಡುತ್ತಾರೆ, ಎರಡರಲ್ಲೂ ಪ್ರಾಶಸ್ತ್ಯದ ಮತ. ಹಾಗಾಗಿ ಎರಡೂ ಒಂದೇ ಎಂದುಕೊಳ್ಳುತ್ತೇವೆ. ಆದರೆ ರಾಜ್ಯಸಭೆಯದು 2003ರಿಂದ ಬಹಿರಂಗ ಮತದಾನ. ಗುರುತು ಮಾಡಿದ ಮತಪತ್ರವನ್ನು ಶಾಸಕರು ಪೆಟ್ಟಿಗೆಗೆ ಹಾಕುವ ಮುಂಚೆ ತಮ್ಮ ಪಕ್ಷದ ಏಜೆಂಟರಿಗೆ ತೋರಿಸಬೇಕು. 2024ರ ಫೆಬ್ರುವರಿಯಲ್ಲಿ ಬಿಜೆಪಿಯ ಎಸ್.ಟಿ. ಸೋಮಶೇಖರ್ ಅಡ್ಡ ಮತದಾನ ಮಾಡಿದ್ದು ಅಲ್ಲೇ, ಆಗಲೇ ಗೊತ್ತಾಯಿತು. ಕಲಘಟಗಿಗೆ ಹತ್ತಿರದ ಯಲ್ಲಾಪುರದ ಶಿವರಾಮ ಹೆಬ್ಬಾರ್ ಮತದಾನಕ್ಕೇ ಬರಲಿಲ್ಲ. ಪಕ್ಷಶಿಸ್ತು ಮುರಿದರೆಂದು 2025ರ ಮೇ ತಿಂಗಳಲ್ಲಿ ಇಬ್ಬರನ್ನೂ ಪಕ್ಷ ಉಚ್ಚಾಟಿಸಿತು.

ರಾಷ್ಟ್ರಪತಿ ಚುನಾವಣೆಯದು ಗುಪ್ತ ಮತದಾನ. ಇಲ್ಲಿ ಯಾರಿಗೂ ತೋರಿಸುವಂತಿಲ್ಲ. ಪಕ್ಷಗಳು ವಿಪ್ ಕೊಡುವಂತಿಲ್ಲ ಎಂದು ಚುನಾವಣಾ ಆಯೋಗವೇ ಸ್ಪಷ್ಟಪಡಿಸಿದೆ. ಪಕ್ಷದ ಮಾತು ಮೀರಿ ಮತ ಹಾಕಿದರೆ ಪಕ್ಷಾಂತರ ನಿಷೇಧ ಕಾಯ್ದೆ ತಾಗುವುದಿಲ್ಲ, ಶಾಸಕ ಸ್ಥಾನ ಹೋಗುವುದಿಲ್ಲ. ಹೈಕಮಾಂಡ್ ಹೇಳುವುದು ಕೋರಿಕೆ, ಅಪ್ಪಣೆಯಲ್ಲ. ಕೋರಿಕೆಯನ್ನು ಮೀರುವ ಧೈರ್ಯ ಎಷ್ಟು ಶಾಸಕರಿಗಿದೆ ಎಂಬುದು ಬೇರೆ ಮಾತು. ಮುಂದಿನ ಟಿಕೆಟ್ ಕೊಡುವವರು ಅವರೇ ತಾನೇ.

ಮತಪತ್ರವನ್ನು ನೀವು ನೋಡಿರಲಾರಿರಿ, ಹೇಳುತ್ತೇನೆ. ಸಂಸದರಿಗೆ ಹಸಿರು, ಶಾಸಕರಿಗೆ ಗುಲಾಬಿ ಬಣ್ಣದ್ದು. ಚಿಹ್ನೆಗಳಿಲ್ಲ. ಒಂದು ಸಾಲಿನಲ್ಲಿ ಅಭ್ಯರ್ಥಿಯ ಹೆಸರು, ಪಕ್ಕದಲ್ಲಿ ಪ್ರಾಶಸ್ತ್ಯ ಬರೆಯಲು ಖಾಲಿ ಜಾಗ. ಆಯೋಗ ಕೊಡುವ ನೇರಳೆ ಶಾಯಿಯ ಪೆನ್ನಿನಿಂದಲೇ ಬರೆಯಬೇಕು, ಜೇಬಿನ ಪೆನ್ನು ತೆಗೆದರೆ ಮತ ಅಸಿಂಧು. ಅಂಕಿಯನ್ನು 1 ಎಂದಾದರೂ ಬರೆಯಬಹುದು, ಕನ್ನಡದಲ್ಲಿ ೧ ಎಂದೂ ಬರೆಯಬಹುದು, ರೋಮನ್ ಅಂಕಿಯಲ್ಲೂ ಸರಿಯೇ. ಆದರೆ 'ಒಂದು' ಎಂದು ಅಕ್ಷರದಲ್ಲಿ ಬರೆದರೆ ಹೋಯಿತು. ಒಂದನೇ ಪ್ರಾಶಸ್ತ್ಯ ಕಡ್ಡಾಯ, ಎರಡನೆಯದು ಮೂರನೆಯದು ಅವರ ಇಷ್ಟ. ಇಷ್ಟೇ ಕೆಲಸವಿದ್ದರೂ 2022ರಲ್ಲಿ ಸಂಸದರು ಶಾಸಕರು ಸೇರಿ 53 ಮಂದಿಯ ಮತ ಅಸಿಂಧುವಾಯಿತು. ಕಾನೂನು ಮಾಡುವವರಿಗೇ ಮತಪತ್ರ ತುಂಬುವುದು ಬಾರದಿದ್ದರೆ ನಮ್ಮೂರಿನ ಅಜ್ಜ ಅಜ್ಜಿಯರನ್ನು ನಗುವುದು ಸರಿಯಲ್ಲ.

ಈ ಎರಡನೇ ಪ್ರಾಶಸ್ತ್ಯ ಇತಿಹಾಸದಲ್ಲಿ ಒಂದೇ ಸಲ ಕೆಲಸಕ್ಕೆ ಬಂದಿದೆ. ಪಕ್ಷ ಹೇಳಿದ್ದು ಬೇರೆ, ಮತದಾರರು ಮಾಡಿದ್ದು ಬೇರೆ ಆದದ್ದೂ ಆಗಲೇ. ಅದಕ್ಕೆ ನಾಂದಿಯಾದದ್ದು ನಮ್ಮ ಬೆಂಗಳೂರು. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲಬೇಕು.

1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ಅಧಿಕಾರದಲ್ಲಿರುವಾಗಲೇ ತೀರಿಕೊಂಡರು. ಉಪರಾಷ್ಟ್ರಪತಿ ವಿ.ವಿ. ಗಿರಿ ಹಂಗಾಮಿಯಾಗಿ ಆ ಜಾಗಕ್ಕೆ ಬಂದರು. ಗಿರಿಯವರು ನಮಗೆ ಹೊಸಬರಲ್ಲ, 1965ರಿಂದ 1967ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. 1969ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದವರು ಎಸ್. ನಿಜಲಿಂಗಪ್ಪ. ಮುಖ್ಯಮಂತ್ರಿಯಾಗಿದ್ದಾಗ, ಆಗ ಧಾರವಾಡ ಜಿಲ್ಲೆಯಲ್ಲೇ ಇದ್ದ ಶಿಗ್ಗಾವಿಯಿಂದ ಶಾಸಕರಾಗಿದ್ದವರು. ಜುಲೈಯಲ್ಲಿ ಬೆಂಗಳೂರಿನಲ್ಲಿ ಕಾಂಗ್ರೆಸ್ ಮಹಾಸಮಿತಿಯ ಅಧಿವೇಶನ ನಡೆಯಿತು. ಅಲ್ಲಿ ಸೇರಿದ ಪಕ್ಷದ ಸಂಸದೀಯ ಮಂಡಳಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿ ಜಗಜೀವನ್ ರಾಂ ಅವರ ಹೆಸರು ಹೇಳಿದರು. ಹಿರಿಯರ ಗುಂಪು ನೀಲಂ ಸಂಜೀವ ರೆಡ್ಡಿಯವರನ್ನು ಮುಂದಿಟ್ಟಿತು. ಬಹುಮತ ರೆಡ್ಡಿಯವರ ಕಡೆ ಬಿತ್ತು.

ಮುಂದಿನ ಒಂದು ವಾರ ದೇಶ ಉಸಿರು ಬಿಗಿಹಿಡಿದು ನೋಡಿತು. ಇಂದಿರಾ ಅವರು ಮೊರಾರ್ಜಿ ದೇಸಾಯಿಯವರಿಂದ ಹಣಕಾಸು ಖಾತೆ ಕಿತ್ತುಕೊಂಡರು, ಜುಲೈ 19ರಂದು 14 ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿದರು. ಗಿರಿಯವರು ರಾಜೀನಾಮೆ ಕೊಟ್ಟು ಪಕ್ಷೇತರರಾಗಿ ನಿಂತರು. ಸ್ವತಂತ್ರ ಪಕ್ಷ, ಜನಸಂಘದವರ ಅಭ್ಯರ್ಥಿ ಸಿ.ಡಿ. ದೇಶಮುಖ್. ಅವರ ಮತದಾರರ ಎರಡನೇ ಪ್ರಾಶಸ್ತ್ಯ ರೆಡ್ಡಿಯವರಿಗೆ ಬರಲೆಂದು ನಿಜಲಿಂಗಪ್ಪನವರು ಆ ಪಕ್ಷಗಳ ನಾಯಕರ ಜೊತೆ ಮಾತಾಡಿದರು. ಲೆಕ್ಕದ ದೃಷ್ಟಿಯಿಂದ ಅದು ಜಾಣತನದ ನಡೆ. ಆದರೆ ಅದೇ ಎದುರಾಳಿಗಳ ಕೈಗೆ ಅಸ್ತ್ರವಾಯಿತು. ವಿರೋಧ ಪಕ್ಷಗಳ ಜೊತೆ ಗುಟ್ಟಿನ ಒಪ್ಪಂದ ಮಾಡಿಕೊಂಡರೆಂದು ಹೇಳಿ, ಇಂದಿರಾ ಅವರು ಪಕ್ಷದ ಅಭ್ಯರ್ಥಿಗೇ ಹಾಕಿ ಎನ್ನಲು ಒಪ್ಪದೆ, ಆತ್ಮಸಾಕ್ಷಿಯಂತೆ ಮತ ಹಾಕಿರೆಂದು ಕರೆ ಕೊಟ್ಟರು.

ಆಗಸ್ಟ್ 16ರಂದು ಮತದಾನ, 20ರಂದು ಎಣಿಕೆ. ಒಟ್ಟು ಸಿಂಧು ಮತದ ಮೌಲ್ಯ 8,36,337. ಗೆಲ್ಲಲು ಬೇಕಾದದ್ದು 4,18,169. ಮೊದಲ ಪ್ರಾಶಸ್ತ್ಯದಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769. ಯಾರೂ ಗುರಿ ಮುಟ್ಟಲಿಲ್ಲ. ಆಗ ಕೆಳಗಿನ ಅಭ್ಯರ್ಥಿಗಳನ್ನು ಒಬ್ಬೊಬ್ಬರಾಗಿ ಕೈಬಿಟ್ಟು, ಅವರ ಮತಪತ್ರಗಳಲ್ಲಿನ ಮುಂದಿನ ಪ್ರಾಶಸ್ತ್ಯವನ್ನು ಉಳಿದವರಿಗೆ ಸೇರಿಸುತ್ತ ಬಂದರು. ನಿಜಲಿಂಗಪ್ಪನವರ ಲೆಕ್ಕ ತಪ್ಪಿರಲಿಲ್ಲ. ಹೀಗೆ ಬಂದ ಮತಗಳಲ್ಲಿ ರೆಡ್ಡಿಯವರಿಗೆ 91,879 ಸಿಕ್ಕಿತು, ಗಿರಿಯವರಿಗೆ ಬರೀ 18,562. ಆದರೆ ಗಿರಿಯವರಿಗೆ ಬೇಕಾಗಿದ್ದದ್ದೂ ಅಷ್ಟೇ ಸ್ವಲ್ಪ. ಕೊನೆಗೆ ಗಿರಿ 4,20,077, ರೆಡ್ಡಿ 4,05,427.

ಗಿರಿಯವರು ಗೆರೆ ದಾಟಿದ್ದು 1,908 ಮೌಲ್ಯದಿಂದ. ಈಗ ನಿಮ್ಮ ಜಿಲ್ಲೆಯ 1,617 ಅನ್ನು ಅದರ ಪಕ್ಕ ಇಟ್ಟು ನೋಡಿ. ಆಗಿನ ಮತದ ಮೌಲ್ಯ ಬೇರೆ ಇತ್ತು ನಿಜ, ಆದರೂ ಅಳತೆ ತಿಳಿಯುತ್ತದೆ. ಕೆಲವೇ ಮಂದಿ ಶಾಸಕರು, ಸಂಸದರು ಮನಸ್ಸು ಬದಲಿಸಿದ್ದರೆ ಎಣಿಕೆ ಇನ್ನೂ ಮುಂದುವರಿಯುತ್ತಿತ್ತು. ಆ ವರ್ಷ ನವೆಂಬರಿನಲ್ಲಿ ಕಾಂಗ್ರೆಸ್ಸೇ ಎರಡಾಯಿತು.

ಆತ್ಮಸಾಕ್ಷಿ ಎಂಬ ಮಾತಿಗೆ ಮರುಳಾಗಬೇಡಿ ಎಂದು ಇಲ್ಲಿಯೇ ಹೇಳಿಬಿಡುತ್ತೇನೆ. 1969ರಲ್ಲಿ ಅದು ಒಂದು ಬಣದ ತಂತ್ರವೂ ಆಗಿತ್ತು. ಪ್ರಧಾನಿಯ ಮಾತು ಕೇಳಿ ಗಿರಿಯವರಿಗೆ ಹಾಕಿದ ಎಲ್ಲರೂ ಆತ್ಮಸಾಕ್ಷಿಯವರು, ಅಧ್ಯಕ್ಷರ ಮಾತು ಕೇಳಿ ರೆಡ್ಡಿಯವರಿಗೆ ಹಾಕಿದವರೆಲ್ಲ ಗುಲಾಮರು ಎಂದರೆ ಅದು ಅನ್ಯಾಯ. ನನಗೆ ಈ ಪ್ರಸಂಗದಿಂದ ಬೇಕಾದದ್ದು ಇಷ್ಟೇ: ಶಾಸಕರಿಗೆ ಆಯ್ಕೆ ಇದೆ, ಅದು ಒಮ್ಮೆ ನಿಜವಾಗಿಯೂ ನಡೆದಿದೆ. ಆಯ್ಕೆ ಇದ್ದಮೇಲೆ 'ಯಾಕೆ?' ಎಂದು ಕೇಳುವುದಕ್ಕೂ ಜಾಗವಿದೆ.

ಎರಡನೇ ಪ್ರಶ್ನೆಗೆ ಬರೋಣ. ಏನನ್ನು ನೋಡಿ ಬೆಂಬಲಿಸಬೇಕು?

'ರೈತರ ಮನೆಯವರು ಆದರೆ ನಮ್ಮ ನೀರಿನ ಕೆಲಸ ಆದೀತು' ಎನ್ನುವವರ ಮನಸ್ಸು ನನಗೆ ಅರ್ಥವಾಗುತ್ತದೆ. ಮಹದಾಯಿ ನೀರು ತರುವ ಕಳಸಾ-ಬಂಡೂರಿ ಯೋಜನೆಗಾಗಿ ನವಲಗುಂದದಲ್ಲಿ ಎಷ್ಟು ಧರಣಿ, ಎಷ್ಟು ಬಂದ್ ಆಗಿವೆ! ತಹಶೀಲ್ದಾರರ ಕೈಗೆ ಕೊಡುವ ಮನವಿಯ ತಲೆಬರಹದಲ್ಲಿ 'ಘನತೆವೆತ್ತ ರಾಷ್ಟ್ರಪತಿಗಳಿಗೆ' ಎಂದು ಬರೆಯುವುದೂ ನಮಗೆ ರೂಢಿ. ಆದರೆ ಆ ಮನವಿ ರಾಷ್ಟ್ರಪತಿ ಭವನ ತಲುಪಿದರೂ ಅಲ್ಲಿಂದ ಸಂಬಂಧಪಟ್ಟ ಸಚಿವಾಲಯಕ್ಕೆ ಹೋಗುತ್ತದೆ. ಮಹದಾಯಿ ನ್ಯಾಯಮಂಡಳಿ 2018ರಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು. ಅದರಾಚೆಗಿನದು ಅನುಮತಿ, ಅರಣ್ಯ, ನ್ಯಾಯಾಲಯದ ಮಾತು. ರಾಷ್ಟ್ರಪತಿ ನಡೆಯುವುದು ಮಂತ್ರಿಮಂಡಲದ ಸಲಹೆಯಂತೆ. ಕಾಲುವೆಗೆ ನೀರು ಬಿಡಿಸುವವರನ್ನು ಹುಡುಕುವುದಾದರೆ ಅದು ಲೋಕಸಭೆ, ವಿಧಾನಸಭೆಯ ಚುನಾವಣೆಯಲ್ಲಿ ಹುಡುಕಬೇಕು.

ಹಾಗಾದರೆ ಬರೀ ಸಹಿ ಹಾಕುವವರೇ? ಅಲ್ಲ. ಸಹಿ ಹಾಕುವ ಮುಂಚೆ ಒಂದು ಸಲ ನಿಲ್ಲಿಸುವ ಅಧಿಕಾರ ಅವರಿಗಿದೆ. ಅಭ್ಯರ್ಥಿಯನ್ನು ತೂಗಬೇಕಾದದ್ದು ಅಲ್ಲಿ. ಸಂಸತ್ತು ಒಪ್ಪಿದ ಮಸೂದೆಯನ್ನು, ಹಣಕಾಸು ಮಸೂದೆ ಬಿಟ್ಟು, ಮತ್ತೆ ಯೋಚಿಸಿರೆಂದು ವಾಪಸು ಕಳಿಸಬಹುದು. 2006ರಲ್ಲಿ ಅಬ್ದುಲ್ ಕಲಾಂ ಅವರು ಲಾಭದಾಯಕ ಹುದ್ದೆಯ ಮಸೂದೆಯನ್ನು ಹಾಗೆ ಕಳಿಸಿದರು. ಸಂಸತ್ತು ಮತ್ತೆ ಒಪ್ಪಿ ಕಳಿಸಿದಾಗ ಸಹಿ ಹಾಕಿದರು. ಮಂತ್ರಿಮಂಡಲದ ಸಲಹೆಯನ್ನೂ ಒಂದು ಸಲ ಹಿಂದಕ್ಕೆ ಕಳಿಸಬಹುದು. ಲೋಕಸಭೆಯಲ್ಲಿ ಯಾರಿಗೂ ಬಹುಮತ ಬಾರದಿದ್ದರೆ ಯಾರನ್ನು ಮೊದಲು ಕರೆಯಬೇಕೆಂಬುದು ಅವರ ವಿವೇಚನೆ. ರಾಜ್ಯಪಾಲರು ಕಾಯ್ದಿರಿಸಿದ ರಾಜ್ಯದ ಮಸೂದೆಗಳೂ ಅವರ ಮುಂದೆಯೇ ಹೋಗುತ್ತವೆ. ಗುತ್ತಿಗೆ ಕಾಮಗಾರಿಗಳಲ್ಲಿ ಮುಸ್ಲಿಮರಿಗೆ ಮೀಸಲಾತಿ ಕೊಡುವ ನಮ್ಮ ರಾಜ್ಯದ ಮಸೂದೆ 2025ರ ಏಪ್ರಿಲ್‌ನಲ್ಲಿ ಹೋದದ್ದು ಹೀಗೆಯೇ.

ಈ ನಿಲ್ಲಿಸುವ ಅಧಿಕಾರ ಎಷ್ಟು ಮುಖ್ಯ ಎಂಬುದಕ್ಕೆ ದೂರ ಹೋಗಬೇಕಿಲ್ಲ, ಎರಡು ಹೆಸರು ನಮ್ಮ ಕಡೆಯವೇ ಇವೆ.

ಒಂದು ಬಿ.ಡಿ. ಜತ್ತಿ ಅವರದು. ಜಮಖಂಡಿಯವರು. ಕುಂದಗೋಳ ಸ್ವಾತಂತ್ರ್ಯಕ್ಕೆ ಮೊದಲು ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು, ಜತ್ತಿಯವರು ಆ ಸಂಸ್ಥಾನದಲ್ಲಿ ಮಂತ್ರಿಯಾಗಿದ್ದರು. ಹಾಗಾಗಿ ಕುಂದಗೋಳದವರು ಅವರನ್ನು ತಮ್ಮವರೆಂದರೆ ತಪ್ಪಿಲ್ಲ. 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿ, 1974ರಲ್ಲಿ ಉಪರಾಷ್ಟ್ರಪತಿ. 1977ರ ಫೆಬ್ರುವರಿ 11ರಂದು ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡಾಗ ಹಂಗಾಮಿ ರಾಷ್ಟ್ರಪತಿಯಾದರು. ಏಪ್ರಿಲ್ ಕೊನೆಯಲ್ಲಿ ಹೊಸ ಜನತಾ ಸರ್ಕಾರ, ಕಾಂಗ್ರೆಸ್ ಆಳುತ್ತಿದ್ದ ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸುವ ಆದೇಶಕ್ಕೆ ಸಹಿ ಕೇಳಿತು. ಮುಂದಿನ ರಾಷ್ಟ್ರಪತಿಯನ್ನು ಆರಿಸುವವರು ಆ ವಿಧಾನಸಭೆಗಳ ಶಾಸಕರೇ ಎಂಬುದನ್ನೂ ಮರೆಯಬಾರದು. ಜತ್ತಿಯವರು ಕೂಡಲೇ ಸಹಿ ಹಾಕಲಿಲ್ಲ. ಅವರ ಮನೆಯ ಮುಂದೆ ಪ್ರತಿಭಟನೆಯಾಯಿತು, ಮಂತ್ರಿಮಂಡಲ ಪಟ್ಟು ಹಿಡಿಯಿತು, ಏಪ್ರಿಲ್ 30ರಂದು ಸಹಿಯಾಯಿತು. ಅವರು ಹಿಂಜರಿದದ್ದು ತಪ್ಪೆಂದು ಆಗ ಬೈದವರು ಬಹಳ. ನನಗೆ ಹಾಗನ್ನಿಸುವುದಿಲ್ಲ. 1976ರ 42ನೇ ತಿದ್ದುಪಡಿ ಸಲಹೆಯಂತೆ ನಡೆಯಲೇಬೇಕೆಂದು ಅವರ ಕೈ ಕಟ್ಟಿತ್ತು. ಒಂದು ಸಲ ವಾಪಸು ಕಳಿಸುವ ಅವಕಾಶ ಬಂದದ್ದು 1978ರ 44ನೇ ತಿದ್ದುಪಡಿಯಿಂದ. ಕೈ ಕಟ್ಟಿದ್ದಾಗಲೂ ಒಂದು ದಿನ ಯೋಚಿಸಿದವರು ಅವರು.

ಇನ್ನೊಂದು ಎಸ್.ಆರ್. ಬೊಮ್ಮಾಯಿ ಅವರದು. ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದ ಶಾಸಕರು, 1988ರಲ್ಲಿ ಮುಖ್ಯಮಂತ್ರಿಯಾದವರು. 1989ರ ಏಪ್ರಿಲಿನಲ್ಲಿ 19 ಶಾಸಕರು ಬೆಂಬಲ ಹಿಂತೆಗೆದರೆಂಬ ಪತ್ರಗಳನ್ನು ಹಿಡಿದು ರಾಜ್ಯಪಾಲರು ದೆಹಲಿಗೆ ವರದಿ ಕಳಿಸಿದರು. ಅವರಲ್ಲಿ ಏಳು ಮಂದಿ ಮತ್ತೆ ಬೊಮ್ಮಾಯಿಯವರ ಜೊತೆ ಇದ್ದೇವೆಂದರು. ಸದನ ಕರೆಯಿರಿ, ಬಹುಮತ ತೋರಿಸುತ್ತೇನೆ ಎಂದು ಬೊಮ್ಮಾಯಿ ಕೇಳಿದರು. ಏಪ್ರಿಲ್ 21ರಂದು ರಾಷ್ಟ್ರಪತಿ ಆರ್. ವೆಂಕಟರಾಮನ್ ರಾಷ್ಟ್ರಪತಿ ಆಳ್ವಿಕೆಯ ಆದೇಶಕ್ಕೆ ಸಹಿ ಹಾಕಿದರು, ಸರ್ಕಾರ ಹೋಯಿತು. ಬಹುಮತವನ್ನು ಸದನದಲ್ಲೇ ಪರೀಕ್ಷಿಸಬೇಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳುವ ಹೊತ್ತಿಗೆ 1994ರ ಮಾರ್ಚ್ 11 ಆಗಿತ್ತು. ಐದು ವರ್ಷ ಕಳೆದ ಮೇಲೆ ಬಂದ ನ್ಯಾಯದಿಂದ ಬೊಮ್ಮಾಯಿಯವರಿಗೆ ಕುರ್ಚಿ ವಾಪಸು ಬರಲಿಲ್ಲ. ವೆಂಕಟರಾಮನ್ ಅವರಿಗೆ ಜತ್ತಿಯವರಿಗಿಲ್ಲದ ಅವಕಾಶ ಇತ್ತು, ಒಂದು ಸಲ ವಾಪಸು ಕಳಿಸಬಹುದಿತ್ತು. ಕಳಿಸಲಿಲ್ಲ. 1997ರ ಅಕ್ಟೋಬರಿನಲ್ಲಿ ಉತ್ತರ ಪ್ರದೇಶದ ಕಲ್ಯಾಣ್ ಸಿಂಗ್ ಸರ್ಕಾರದ ವಿಷಯದಲ್ಲಿ ಅಂಥದೇ ಶಿಫಾರಸು ಬಂದಾಗ ಕೆ.ಆರ್. ನಾರಾಯಣನ್ ವಾಪಸು ಕಳಿಸಿದರು. ಆ ಸರ್ಕಾರ ಉಳಿಯಿತು.

ಸಂವಿಧಾನದ ವಿಧಿ ಒಂದೇ, ಹುದ್ದೆ ಒಂದೇ, ಕುಳಿತ ವ್ಯಕ್ತಿ ಬೇರೆ. ಆದ್ದರಿಂದ ನನ್ನನ್ನು ಕೇಳಿದರೆ, ಅಭ್ಯರ್ಥಿಯ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ: ತನ್ನನ್ನು ಗೆಲ್ಲಿಸಿದವರೇ ತಂದ ಕಡತವನ್ನು ಒಮ್ಮೆ ವಾಪಸು ಕಳಿಸುವ ಗಟ್ಟಿತನ ಇವರಿಗಿದೆಯೇ? ಉತ್ತರ ಅವರ ಭಾಷಣದಲ್ಲಿ ಸಿಗುವುದಿಲ್ಲ, ಹಿಂದೆ ಮಾಡಿದ ಕೆಲಸದಲ್ಲಿ ಸಿಗುತ್ತದೆ. ರಾಜ್ಯಪಾಲರಾಗಿದ್ದರೆ ಆಳುವ ಪಕ್ಷದ ಜೊತೆ ಹೇಗಿದ್ದರು? ಸಭಾಧ್ಯಕ್ಷರಾಗಿದ್ದರೆ ವಿರೋಧ ಪಕ್ಷಕ್ಕೆ ಮಾತಾಡಲು ಬಿಟ್ಟರೇ? ಮಂತ್ರಿಯಾಗಿದ್ದರೆ ಯಾವ ಮಾತಿಗೆ ರಾಜೀನಾಮೆ ಕೊಟ್ಟರು, ಯಾವ ಮಾತಿಗೆ ಸುಮ್ಮನಿದ್ದರು? ಮುರ್ಮು ಅವರ ವಿಷಯದಲ್ಲಿ ನೋಡುವುದಾದರೆ, ರಾಷ್ಟ್ರಪತಿಯಾಗುವ ಮೊದಲು ಜಾರ್ಖಂಡಿನ ರಾಜ್ಯಪಾಲರಾಗಿದ್ದಾಗ, ತಮ್ಮನ್ನು ನೇಮಿಸಿದ ಪಕ್ಷವೇ ಅಲ್ಲಿ ಆಳುತ್ತಿದ್ದರೂ, ಆದಿವಾಸಿಗಳ ಭೂಮಿಗೆ ಸಂಬಂಧಿಸಿದ ತಿದ್ದುಪಡಿ ಮಸೂದೆಗಳನ್ನು 2017ರಲ್ಲಿ ವಾಪಸು ಕಳಿಸಿದ್ದರು. ಹೀಗೆ ಹುಡುಕಬೇಕು.

ಇಷ್ಟು ನೋಡಿದ ಮೇಲೆ ಊರು, ಸಮುದಾಯ, ಕಸುಬು ನೋಡುವುದರಲ್ಲಿ ತಪ್ಪೇನಿಲ್ಲ. ಪಕ್ಷಗಳೂ ಅದನ್ನೇ ನೋಡುತ್ತವೆ. 2007ರಲ್ಲಿ ಶಿವಸೇನೆ ತನ್ನ ಮೈತ್ರಿಕೂಟವನ್ನು ಬಿಟ್ಟು ಪ್ರತಿಭಾ ಪಾಟೀಲರನ್ನು ಬೆಂಬಲಿಸಿತು, ಅವರು ಮಹಾರಾಷ್ಟ್ರದವರೆಂದು. 2022ರಲ್ಲಿ ಮೊದಲ ಬಾರಿಗೆ ಆದಿವಾಸಿ ಮಹಿಳೆಯೊಬ್ಬರು ನಿಂತಾಗ ನಮ್ಮ ಜೆಡಿಎಸ್, ಜಾರ್ಖಂಡಿನ ಜೆಎಂಎಂ ಮುರ್ಮು ಅವರ ಕಡೆ ಬಂದವು. ರಾಜ್ಯ ಕಾಂಗ್ರೆಸ್ ಯಶವಂತ ಸಿನ್ಹಾ ಅವರ ಪರ ಇತ್ತು. ಹಾಗಾಗಿ ಆಗ ನವಲಗುಂದ, ಕಲಘಟಗಿಯ ಶಾಸಕರ ಪಕ್ಷ ಒಂದು ಕಡೆ, ಕುಂದಗೋಳದ ಶಾಸಕರ ಪಕ್ಷ ಇನ್ನೊಂದು ಕಡೆ. ಜುಲೈ 21ರಂದು ಎಣಿಕೆ, ಮುರ್ಮು ಅವರಿಗೆ 6,76,803, ಸಿನ್ಹಾ ಅವರಿಗೆ 3,80,177. ಜುಲೈ 21 ಎಂದರೆ ನವಲಗುಂದದವರಿಗೆ 1980ರ ಹುತಾತ್ಮ ರೈತರ ದಿನ. ಅಂದು ಊರಿನಲ್ಲಿ ಟಿವಿಯ ಮುಂದೆ ಕುಳಿತವರು ಕಡಿಮೆಯೇ ಇದ್ದಿರಬೇಕು.

'ಕರ್ನಾಟಕದವರೇ ಆಗಬೇಕು' ಎಂಬ ಆಸೆಯೂ ನ್ಯಾಯವಾದದ್ದೇ. ಇಲ್ಲಿಯವರೆಗೆ ಒಬ್ಬ ಕನ್ನಡಿಗರೂ ರಾಷ್ಟ್ರಪತಿಯಾಗಿ ಆರಿಸಿ ಬಂದಿಲ್ಲ, ಜತ್ತಿಯವರ ಐದೂವರೆ ತಿಂಗಳ ಹಂಗಾಮಿ ಅವಧಿಯೇ ನಮ್ಮ ಪಾಲು. ಆದರೆ ಯಾರು ಬೇಕಾದರೂ ನಿಲ್ಲುವ ಚುನಾವಣೆ ಇದಲ್ಲ. 35 ವರ್ಷ ತುಂಬಿರಬೇಕು, 15,000 ರೂಪಾಯಿ ಠೇವಣಿ ಇಡಬೇಕು, ಇಷ್ಟಾದರೆ ಸುಲಭ. ಮತದಾರರಾದ ಶಾಸಕರು, ಸಂಸದರಲ್ಲಿ 50 ಮಂದಿ ಸೂಚಕರಾಗಿ, ಇನ್ನು 50 ಮಂದಿ ಅನುಮೋದಕರಾಗಿ ಸಹಿ ಹಾಕಬೇಕು, ಅದು ಕಷ್ಟ. 1977ರಲ್ಲಿ ನಿಯಮ ಇದಕ್ಕಿಂತ ಸಡಿಲವಿದ್ದಾಗಲೇ 37 ನಾಮಪತ್ರಗಳಲ್ಲಿ 36 ತಿರಸ್ಕೃತವಾಗಿ ಸಂಜೀವ ರೆಡ್ಡಿಯವರು ಅವಿರೋಧವಾಗಿ ಆರಿಸಿ ಬಂದರು. ಅದಕ್ಕೆ ಎಂಟು ವರ್ಷ ಮುಂಚೆ ಬೆಂಗಳೂರಿನಲ್ಲಿ ಅಭ್ಯರ್ಥಿಯಾಗಿ, ದೆಹಲಿಯಲ್ಲಿ ಸೋತವರು ಅವರೇ. ಹಾಗಾಗಿ ಕರ್ನಾಟಕದವರು ಬೇಕೆಂದರೆ ಹೆಸರು ಹೊರಡಬೇಕಾದದ್ದು ಪಕ್ಷಗಳೊಳಗೆ, ಅದೂ ಜೂನ್‌ಗೆ ಮುಂಚೆ. ಮುರ್ಮು ಅವರ ಅವಧಿ 2027ರ ಜುಲೈ 24ಕ್ಕೆ ಮುಗಿಯುತ್ತದೆ.

ನಿಮ್ಮ ಶಾಸಕರಿಗೆ ಅಭಿಪ್ರಾಯ ಹೇಳುವುದರಲ್ಲಿ ಕಾನೂನಿನ ತೊಡಕೇನೂ ಇಲ್ಲ. ಲಂಚ, ಬೆದರಿಕೆ, ಅನುಚಿತ ಒತ್ತಡ ಅಪರಾಧ, ಮತದಾರರ ಮಾತು ಅಪರಾಧವಲ್ಲ. ಊರಿಗೆ ಬಂದಾಗ ಕೇಳಿ, ಇಲ್ಲವೇ ಗ್ರಾಮದ ಹತ್ತು ಮಂದಿ ಸಹಿ ಮಾಡಿ ಒಂದು ಕಾಗದ ಬರೆಯಿರಿ. 'ಯಾರಿಗೆ ಹಾಕುತ್ತೀರಿ?' ಎನ್ನುವುದಕ್ಕಿಂತ 'ಯಾಕೆ ಹಾಕುತ್ತೀರಿ?' ಎಂದು ಕೇಳಿದರೆ ಉತ್ತರ ತಪ್ಪಿಸಿಕೊಳ್ಳುವುದು ಅವರಿಗೆ ಕಷ್ಟ.

ಕೊನೆಯದಾಗಿ, ಯಾರಿಗೆ ಹಾಕಿದರೆಂದು ಆಮೇಲೆ ತಿಳಿಯುತ್ತದೆಯೇ ಎಂದು ಕೇಳಿದ್ದೀರಿ. ತಿಳಿಯುವುದಿಲ್ಲ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೂ ಸಿಗುವುದಿಲ್ಲ. ವಿಧಾನಸೌಧದ ಮತಪೆಟ್ಟಿಗೆಗೆ ಮೊಹರು ಹಾಕಿ ವಿಮಾನದಲ್ಲಿ ದೆಹಲಿಗೆ ಒಯ್ಯುತ್ತಾರೆ. 2022ರಲ್ಲಿ ಪೆಟ್ಟಿಗೆಗಳಿಗೂ ಪ್ರಯಾಣಿಕರ ಹಾಗೆ ಟಿಕೆಟ್ ತೆಗೆಸಿ, ಅಧಿಕಾರಿಯ ಪಕ್ಕದ ಸೀಟಿನಲ್ಲಿ ಕೂರಿಸಿದ್ದರು. ಎಣಿಕೆಯಾದ ಮೇಲೆ ಕರ್ನಾಟಕದಿಂದ ಯಾರಿಗೆಷ್ಟು ಎಂಬ ಮೊತ್ತ ಹೊರಬರುತ್ತದೆ, ಅದರಿಂದ ಅಡ್ಡ ಮತ ಬಿದ್ದಿದೆಯೋ ಇಲ್ಲವೋ ಅಂದಾಜು ಮಾಡಬಹುದು. ನವಲಗುಂದದ ಗುಲಾಬಿ ಚೀಟಿ ಯಾವುದೆಂದು ಮಾತ್ರ ಎಣಿಸಿದವರಿಗೂ ಗೊತ್ತಿರುವುದಿಲ್ಲ. ಆದ್ದರಿಂದ ಕೇಳುವುದೇನಿದ್ದರೂ ಮತದಾನಕ್ಕೆ ಮುಂಚೆಯೇ ಕೇಳಿಬಿಡಿ. ಆಮೇಲೆ ಅವರು ಹೇಳಿದ್ದನ್ನು ನಂಬಬೇಕು, ಅಷ್ಟೇ.